ಮಿತವ್ಯಯಕ್ಕೂ ಒಂದು ಊರು ಬೇಕು

ಕೃತ್ತಿಕೆಯು ಬರಿಯ ಗುಡುಗಿನಲ್ಲಿ ಕಳೆದು, ಮೇ 25ರ ಸುಮಾರಿಗೆ ರೋಹಿಣಿಯು ಕಾಲಿಟ್ಟು, ಮೃಗಶಿರೆಗೆ ಇನ್ನೂ ಎರಡು ವಾರಗಳ ಅವಕಾಶವಿರುವ ಈ ಸಂಧಿಕಾಲದಲ್ಲಿ, ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಹೋಬಳಿಯ ಒಕ್ಕಲು ಮನೆಗಳ ಜಮಾಖರ್ಚು ವರ್ಷದಲ್ಲಿಯೇ ಅತ್ಯಂತ ಬಿಗಿಯಾದ ಘಟ್ಟಕ್ಕೆ ಬಂದು ನಿಂತಿರುತ್ತದೆ. ಹೋದ ದೀಪಾವಳಿಯ ಆಸುಪಾಸಿನಲ್ಲಿ ಶೇಂಗಾ ಮಾರಿ ಬಂದ ಹಣವು ಸಾಲಸೋಲಗಳಿಗೂ ಮದುವೆ ಮುಂಜಿಗಳಿಗೂ ಹಂಚಿಹೋಗಿ, ವಾಡೆಯ ರಾಗಿ ತಳ ಕಾಣುತ್ತಿದ್ದು, ಬಿತ್ತನೆಯ ಬೀಜವೊಂದು ಮಾತ್ರ ಯಾರೂ ಮುಟ್ಟಕೂಡದೆಂಬ ಕಟ್ಟಳೆಗೆ ಒಳಪಟ್ಟು ನಡುಮನೆಯ ಮೂಲೆಯಲ್ಲಿ ಕುಳಿತಿರುವಾಗಲೇ, ಶಾಲೆಗಳು ತೆರೆಯುವ ದಿನವೂ ಸಮೀಪಿಸಿ ಮಕ್ಕಳ ನೋಟುಪುಸ್ತಕ, ಬೂಟುಗಳ ಮಾತು ಏಳುತ್ತದೆ. ವರ್ಷಕ್ಕೆ ಸರಾಸರಿ 450 ಮಿಲಿಮೀಟರಿನ ಆಸುಪಾಸಿನಲ್ಲಿ ಮಾತ್ರ ಮಳೆ ಬೀಳುವ, ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್ ಅಕ್ಟೋಬರುಗಳವರೆಗೆ ಕಾಯಿಸಿ ಬರುವ ಈ ಸೀಮೆಯಲ್ಲಿ, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳವೆಂಬ ಗಾದೆಯನ್ನು ಜನರು ಆಡುವರಾದರೂ, ಅದನ್ನು ನಂಬಿ ವಾಡೆಯನ್ನು ಬರಿದು ಮಾಡಿಕೊಂಡ ಗೃಹಿಣಿಯನ್ನು ನಾನು ಕಂಡಿಲ್ಲ.

ಇಂತಹ ಋತುವಿನಲ್ಲಿಯೇ ಈ ಮನೆಗಳಲ್ಲಿ ನಗೆಯೂ ಆಟಪಾಟಗಳೂ ಬಂಧುಬಳಗದ ಓಡಾಟವೂ ಅಧಿಕವೆಂಬುದನ್ನು ಕಂಡ ಪಟ್ಟಣದವರು ಎರಡು ಬಗೆಯ ಪ್ರಮಾದಕ್ಕೆ ಒಳಗಾಗುವುದುಂಟು. ಕೆಲವರು ಇದನ್ನು ದಾರಿದ್ರ್ಯವೆಂದು ಬಗೆದು ಮರುಗುತ್ತಾರೆ. ಮತ್ತೆ ಕೆಲವರು ಇದೇ ಋಷಿಜೀವನವೆಂದು ಕೊಂಡಾಡಿ, ಚಿತ್ರ ತೆಗೆದುಕೊಂಡು, ಸಂಜೆಯ ಬಸ್ಸಿಗೆ ಹಿಂದಿರುಗುತ್ತಾರೆ. ಪತ್ರಿಕೆಗಳಲ್ಲಿ ಮಿತವ್ಯಯವನ್ನು ಕುರಿತು ಬರುವ ಉಪದೇಶಗಳಾದರೋ, ಸಂಬಳದಲ್ಲಿ ಇಷ್ಟು ಪಾಲನ್ನು ಮೊದಲೇ ಎತ್ತಿಡಿ, ಉಳಿದುದರಲ್ಲಿ ಸಂಸಾರ ತೂಗಿಸಿ ಎಂದು ಮೊದಲಾಗುವವು. ಅವು ತಿಂಗಳು ತಿಂಗಳು ಸಂಬಳ ಎಣಿಸುವವರನ್ನು ಉದ್ದೇಶಿಸಿದ ಮಾತುಗಳಾದುದರಿಂದ, ವರ್ಷಕ್ಕೊಮ್ಮೆ, ಅದೂ ಮಳೆರಾಯನು ಮನಸ್ಸು ಮಾಡಿದರೆ, ಹಣದ ಮುಖ ಕಾಣುವ ಒಕ್ಕಲಿಗೆ ಅವುಗಳಿಂದ ವಿಶೇಷ ಪ್ರಯೋಜನವಿಲ್ಲ. ನನಗೆ ತೋರುವುದಿಷ್ಟು: ಮಿತವ್ಯಯವು ವ್ಯಕ್ತಿಯ ಸದ್ಗುಣವೆಂಬುದು ಅರ್ಧ ಸತ್ಯ, ಅದರ ಉಳಿದ ಅರ್ಧವು ಊರಿನ ಸ್ವತ್ತು; ಮನೆಯವರು ಕಡಿಮೆ ಖರ್ಚಿನಲ್ಲಿ ಸುಖವಾಗಿರಬೇಕಾದರೆ ಮನೆಯ ಹೊರಗೆ, ಯಾರೊಬ್ಬರದೂ ಅಲ್ಲದ, ಎಲ್ಲರದೂ ಆದ ಕೆಲವು ವಸ್ತುಗಳು ಉಳಿದಿರಬೇಕು.

ಹುಣಸೆಯನ್ನೇ ತೆಗೆದುಕೊಳ್ಳೋಣ. ಹೊಲದ ಬದುವಿನಲ್ಲಿಯೂ ರಸ್ತೆಯ ಇಕ್ಕೆಲದಲ್ಲಿಯೂ ತೋಪುಗಳಲ್ಲಿಯೂ ಈ ಸೀಮೆಯ ಬಿಸಿಲನ್ನು ಧಿಕ್ಕರಿಸಿ ನಿಂತಿರುವ ಈ ಮರಗಳನ್ನು ಶಿವರಾತ್ರಿಯ ಹಿಂದುಮುಂದಿನಿಂದ ಮೊದಲ್ಗೊಂಡು ಬಡಿಯಲಾರಂಭಿಸಿದರೆ, ಆ ಹಣ್ಣನ್ನು ಒಣಗಿಸಿ, ಓಡು ತೆಗೆದು, ನಾರು ಬಿಡಿಸಿ, ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಕುಟ್ಟಿ ಬೀಜ ಬೇರ್ಪಡಿಸಿ, ಉಪ್ಪು ಬೆರೆಸಿ, ಮಣ್ಣಿನ ಗುಡಾಣದಲ್ಲಿ ಅದುಮಿ, ಬಾಯಿಗೆ ಬಟ್ಟೆ ಬಿಗಿದು ಇಡುವ ಹೊತ್ತಿಗೆ ವೈಶಾಖವು ಮುಗಿಯುತ್ತ ಬಂದಿರುತ್ತದೆ. ಮಧ್ಯಾಹ್ನದ ಝಳಕ್ಕೆ ಹೊರಗೆ ತಲೆಯಿಡಲಾಗದ ವೇಳೆಯಲ್ಲಿ ಪಡಸಾಲೆಯ ತಂಪಿನಲ್ಲಿ ನಾಲ್ಕಾರು ಮನೆಯ ಹೆಂಗಸರು ವೃತ್ತಾಕಾರವಾಗಿ ಕುಳಿತು ಕುಟ್ಟುವಾಗ, ಕೊಡತಿಯ ಪೆಟ್ಟುಗಳು ಒಂದರ ಹಿಂದೊಂದು ಬೀಳುತ್ತಿರಲು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಊರಿನ ಸಮಸ್ತ ವ್ಯವಹಾರಗಳೂ ವಿಚಾರಣೆಗೆ ಬಂದು ತೀರ್ಪು ಪಡೆದುಬಿಡುತ್ತವೆ. ಈ ನ್ಯಾಯಾಲಯದಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ.

ಬೇರ್ಪಡಿಸಿದ ಬೀಜವೂ ತಿಪ್ಪೆಗೆ ಹೋಗುವುದಿಲ್ಲ. ಚಳ್ಳಕೆರೆಯ ಕಂಬಳಿ ಹೆಸರಾದುದು. ಆ ಕಂಬಳಿಯ ಉಣ್ಣೆಯ ನೂಲಿಗೆ ಬಿಗುವು ಬರುವುದು ಈ ಹುಣಸೆಬೀಜದ ಗಂಜಿಯಿಂದ. ಬೀಜವನ್ನು ಹುರಿದು, ನೆನೆಯಿಟ್ಟು, ಕೆಂಪು ಸಿಪ್ಪೆ ಕಳೆದು, ನುಣ್ಣಗೆ ಅರೆದು, ಕುದಿಸಿ ಮಾಡಿದ ಆ ಅಂಟನ್ನು, ಓಣಿಯುದ್ದಕ್ಕೂ ಬಿಗಿದು ಕಟ್ಟಿದ ಹಾಸಿನ ಮೇಲೆ ದೊಡ್ಡ ಕುಂಚದಿಂದ ಎಳೆಎಳೆಗೂ ತಾಗುವಂತೆ ಸವರಿ ಬಿಸಿಲಿಗೆ ಬಿಟ್ಟಲ್ಲದೆ ಮಗ್ಗಕ್ಕೆ ಏರಿಸುವಂತಿಲ್ಲ. ಹೀಗಾಗಿ, ಉಳಿದವರೆಲ್ಲ ಶಪಿಸುವ ಈ ಬಿಸಿಲು ನೇಕಾರನಿಗೆ ಖರ್ಚಿಲ್ಲದೆ ದೊರೆತ ಉಪಕರಣವಾಗುತ್ತದೆ. ಇನ್ನು ಮಕ್ಕಳು ರಾಶಿಯಿಂದ ನಾಲ್ಕು ಬೀಜಗಳನ್ನು ಆರಿಸಿ, ನೀರು ಚಿಮುಕಿಸಿದ ಒರಟು ಕಲ್ಲಿನ ಮೇಲೆ ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಉಜ್ಜಿ, ಚೌಕಾಬಾರದ ಕವಡೆಗಳನ್ನು ಸಿದ್ಧಪಡಿಸಿಕೊಳ್ಳುತ್ತಾರೆ. ಉಜ್ಜುವಾಗ ಬೆರಳ ತುದಿ ಬಿಸಿಯಾಗುವುದೂ, ಹಾಗೆ ಬಿಸಿಯಾದ ಬೀಜವನ್ನು ಪಕ್ಕದವನ ತೊಡೆಗೆ ತಾಗಿಸಿ ಚುರುಕು ಮುಟ್ಟಿಸುವುದೂ, ಅವನು ‘ಅಜ್ಜೀ, ನೋಡಜ್ಜಿ ಇವನ್ನ’ ಎಂದು ದೂರು ಒಯ್ಯುವುದೂ ಆಟದ ಅಂಗವೇ. ಉಳಿದ ಬೀಜಗಳು ಅಳಗುಳಿಮಣೆಯ ಗುಳಿಗಳನ್ನು ತುಂಬುತ್ತವೆ. ಮನೆಯ ಸಾರಿಗೆ ಹುಳಿ, ನೇಕಾರನಿಗೆ ಗಂಜಿ, ಮಕ್ಕಳಿಗೆ ರಜೆಯ ಆಟ ಇವಿಷ್ಟೂ ಒಂದೇ ಮರದಿಂದ, ಅದೂ ಬಹುಮಟ್ಟಿಗೆ ಯಾರೂ ನೀರೆರೆಯದ ಮರದಿಂದ ಬಂದವೆಂಬುದನ್ನು ನೆನಪಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಬಿತ್ತನೆಯ ಶೇಂಗಾ ಸುಲಿಯುವ ಕಾರ್ಯವೂ ಈ ದಿನಗಳದೇ. ಯಂತ್ರಕ್ಕೆ ಹಾಕಿದರೆ ಬೀಜ ಒಡೆದು, ತೆಳುವಾದ ಕೆಂಪು ಸಿಪ್ಪೆ ಹರಿದು, ಮೊಳಕೆ ಕೆಡುವುದೆಂಬ ಭಯದಿಂದ ಹಳಬರು ಕೈಯಲ್ಲಿಯೇ ಸುಲಿಸುತ್ತಾರೆ. ರಾತ್ರಿಯೂಟವಾದ ಮೇಲೆ ಚೀಲ ಸುರಿದುಕೊಂಡು ಕುಳಿತರೆ, ಇಂದು ಇವರ ಮನೆಯದು, ನಾಳೆ ಅವರ ಮನೆಯದು ಎಂಬ ಮುಯ್ಯಿಯ ಕ್ರಮದಲ್ಲಿ ಕೈಗಳು ಕೂಡುತ್ತವೆ. ಸುಲಿಯುವ ಮಕ್ಕಳು ತುಂಬಿದ ಬೀಜವನ್ನು ಬಾಯಿಗೆ ಹಾಕಿಕೊಳ್ಳಕೂಡದು, ಸುಕ್ಕಿದುದನ್ನು ಎಷ್ಟು ಬೇಕಾದರೂ ತಿನ್ನಬಹುದು ಎಂಬುದು ಅಲಿಖಿತ ಶಾಸನ. ಅದು ಕತ್ತಲೆಯಲ್ಲಿ ಎಷ್ಟರಮಟ್ಟಿಗೆ ಪಾಲನೆಯಾಗುತ್ತಿತ್ತೆಂಬುದನ್ನು ಈಗ ವಿಚಾರಿಸುವುದು ಯುಕ್ತವಲ್ಲ. ಸಿಪ್ಪೆಯು ಬಚ್ಚಲ ಹಂಡೆಯ ಒಲೆಗೆ ಸಲ್ಲುತ್ತದೆ.

ಆದರೆ ಇಲ್ಲಿಯೇ ಒಂದು ವಿಪರ್ಯಾಸವನ್ನು ಹೇಳದಿರಲಾರೆ. ಎಣ್ಣೆಯ ಗಿರಣಿಗಳಿಂದ ನಾಡಿನಲ್ಲೆಲ್ಲ ಹೆಸರಾಗಿದ್ದ, ಎಣ್ಣೆಯ ಧಾರಣೆಯಲ್ಲಿ ಮುಂಬಯಿಯ ಮಗ್ಗುಲಿಗೇ ಕುಳಿತುಕೊಳ್ಳುತ್ತಿದ್ದ ಚಳ್ಳಕೆರೆಯ ತಾಲ್ಲೂಕಿನಲ್ಲಿ, 1994ರಲ್ಲಿ ಪಾಮೋಲೀನಿನ ಆಮದಿಗೆ ದೇಶದ ಬಾಗಿಲು ತೆರೆದ ತರುವಾಯ, ಶೇಂಗಾ ಬೆಳೆಯುವ ಮನೆಯೇ ಪೊಟ್ಟಣದ ಪಾಮ್ ಎಣ್ಣೆ ಕೊಂಡು ಒಗ್ಗರಣೆ ಹಾಕುವ ಕಾಲ ಬಂದಿತು. ಅದು ಅಗ್ಗವೆಂಬುದು ನಿಜ. ಗೃಹಿಣಿಯು ಕಡಿಮೆ ಬೆಲೆಯದನ್ನು ಆರಿಸಿಕೊಂಡುದು ಮಿತವ್ಯಯವೆಂಬುದೂ ನಿಜ. ಆದರೆ ಸಾವಿರಾರು ಮೈಲಿಯಾಚೆಯ ಎಣ್ಣೆಯು ಅಗ್ಗವಾಗಿ, ಅಂಗಳದಲ್ಲಿ ರಾಶಿಬಿದ್ದ ಕಾಳಿನ ಎಣ್ಣೆಯು ದುಬಾರಿಯಾಗುವ ಲೆಕ್ಕದಲ್ಲಿ ಗಾಣದವನ ಕೂಲಿ, ಹಿಂಡಿ ತಿನ್ನುತ್ತಿದ್ದ ಎಮ್ಮೆಯ ಹಾಲು, ಆ ಹಾಲಿನ ಮಜ್ಜಿಗೆ ಇವೆಲ್ಲ ಎಲ್ಲಿ ಬಿಟ್ಟುಹೋದವೆಂಬುದನ್ನು ಯಾರೂ ಬರೆದಿಟ್ಟಿಲ್ಲ. ಅಂಗಡಿಯ ಚೀಟಿಯಲ್ಲಿ ಉಳಿದ ಹತ್ತು ರೂಪಾಯಿ ಕಣ್ಣಿಗೆ ಕಾಣುತ್ತದೆ. ಊರಿನಿಂದ ಹೊರಟುಹೋದುದು ಕಾಣುವುದಿಲ್ಲ.

ಆಹಾರದ ವಿಷಯದಲ್ಲಿ ಕಾಲವು ಇನ್ನೂ ದೊಡ್ಡ ಹಾಸ್ಯಗಾರನಾಗಿ ನಡೆದುಕೊಂಡಿದೆ. ರಾಗಿಯ ಅಂಬಲಿ, ಸಜ್ಜೆಯ ರೊಟ್ಟಿ, ನವಣೆಯ ಅನ್ನ, ಜೊತೆಗೆ ಹಸಿ ಈರುಳ್ಳಿ ಮತ್ತು ಶೇಂಗಾ ಚಟ್ನಿ, ಇವು ಬೇಸಗೆಯ ಕೊನೆಯಲ್ಲಿ ಬೇರೆ ಗತಿಯಿಲ್ಲದೆ ಉಣ್ಣುವ ಊಟವೆಂದು ಭಾವಿಸಿ, ನೆಂಟರು ಬಂದಾಗ ನೆರೆಮನೆಯಿಂದಾದರೂ ಒಂದು ಸೇರು ಅಕ್ಕಿ ಕಡ ತಂದು ಅನ್ನ ಬಸಿಯುತ್ತಿದ್ದ ಮನೆಗಳ ಮೊಮ್ಮಕ್ಕಳು ಈಗ ಬೆಂಗಳೂರಿನ ಅಂಗಡಿಗಳಲ್ಲಿ ಅದೇ ನವಣೆಯನ್ನು ಬಣ್ಣದ ಪೊಟ್ಟಣದಲ್ಲಿ ಅಕ್ಕಿಗಿಂತ ಹೆಚ್ಚಿನ ಬೆಲೆ ತೆತ್ತು ಕೊಳ್ಳುತ್ತಿದ್ದಾರೆ. ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ಅಂಬಲಿಗೆ ಬಂದ ಮರ್ಯಾದೆ ಅಷ್ಟಿಷ್ಟಲ್ಲ. ಇದರಲ್ಲಿ ನಗುವಂತಹುದೇನೂ ಇಲ್ಲವೆನ್ನಿ. ಒಳ್ಳೆಯ ಧಾನ್ಯಕ್ಕೆ ತಡವಾಗಿಯಾದರೂ ಮನ್ನಣೆ ದೊರೆತುದು ಸಂತೋಷವೇ. ಆದರೆ ಹೊತ್ತಾರೆ ಹೊಲದಿಂದ ಬಂದವನು ಮಡಕೆಯ ತಂಪಿನಲ್ಲಿ ರಾತ್ರಿಯೆಲ್ಲ ಹುಳಿಬಂದ ಅಂಬಲಿಗೆ ಮಜ್ಜಿಗೆ ಬೆರೆಸಿ, ಉಪ್ಪಿನ ಹರಳು ಕದಡಿ, ಬೊಗಸೆಯಗಲದ ಬಟ್ಟಲಿನಲ್ಲಿ ಎತ್ತಿ ಕುಡಿಯುವಾಗ ಗಂಟಲಿನಿಂದ ಅಂಗಾಲಿನವರೆಗೆ ಇಳಿಯುವ ತೃಪ್ತಿಯನ್ನು ಪೊಟ್ಟಣದ ಮೇಲೆ ಮುದ್ರಿಸಲು ಬರುವುದಿಲ್ಲ. ಮಕ್ಕಳಿಗೆ ಇದಲ್ಲದೆ ಬೇರೆ ಭೋಜನಶಾಲೆಗಳೂ ಉಂಟು: ಗುಡ್ಡದ ಮಗ್ಗುಲಿನ ಕವಳೆಯ ಪೊದೆ, ಹಳ್ಳದ ಅಂಚಿನ ಈಚಲು, ಮೃಗಶಿರೆಯ ಹೊತ್ತಿಗೆ ನಾಲಗೆಯನ್ನು ನೀಲಿಮಾಡುವ ನೇರಳೆ. ಇವುಗಳಿಗೆ ಬಿಲ್ಲು ಬರೆಯುವವರಿಲ್ಲ.

ವಾಸದ ಮನೆಯ ವಿಷಯಕ್ಕೆ ಬರೋಣ. ಮಲೆನಾಡಿನ ಹೆಂಚಿನ ಇಳಿಜಾರು ನಮ್ಮ ಕಡೆ ಇಲ್ಲ. ಸುರಿಯುವ ಮಳೆಯೇ ಇಲ್ಲದಿರುವಲ್ಲಿ ಇಳಿಜಾರಿನ ಅಗತ್ಯವೇನು? ತೊಲೆ ಜಂತೆಗಳ ಮೇಲೆ ಸೊಪ್ಪು ಸೆದೆ ಹರಡಿ, ಅದರ ಮೇಲೆ ಮಣ್ಣು ಬಡಿದು ಸಮತಟ್ಟಾಗಿ ಮಾಡಿದ ಮಾಳಿಗೆ, ನಡುವೆ ಬೆಳಕಿಗೊಂದು ಗವಾಕ್ಷಿ, ಇದು ಇಲ್ಲಿಯ ಹಳೆಯ ಮನೆಯ ರೂಪ. ಮುಂಗಾರಿಗೆ ಮೊದಲು ಈ ಮಾಳಿಗೆಗೆ ಕರಲುಮಣ್ಣು ಹೊದಿಸುವುದು ಬೇಸಗೆಯ ಕಟ್ಟಕಡೆಯ ಗೃಹಕೃತ್ಯ. ಚೌಳು ನೆಲದಿಂದ ಗಾಡಿಯಲ್ಲಿಯೋ ತಲೆಹೊರೆಯಲ್ಲಿಯೋ ತಂದ ಆ ಬಿಳಿಚಾದ ಮಣ್ಣನ್ನು ಬುಟ್ಟಿಬುಟ್ಟಿಯಾಗಿ ಏಣಿಯ ಮೇಲೆ ಕೈಯಿಂದ ಕೈಗೆ ದಾಟಿಸಿ, ಮೇಲೆ ನಿಂತವನು ಅದನ್ನು ಬೆರಳುಗಾತ್ರದ ದಪ್ಪಕ್ಕೆ ಹರಡಿ, ದೋಣಿಯ ಕಡೆಗೆ ತುಸುವೇ ವಾಟ ಬಿಡುತ್ತಾನೆ. ಮೊದಲ ಮಳೆಗೆ ಅದು ನೆನೆದು ಬಿಗಿದುಕೊಂಡರೆ ನೀರು ಕೆಳಗಿಳಿಯದೆ ಜಾರಿಹೋಗುತ್ತದೆ. ವಾಟ ತಪ್ಪಿದರೆ ಏನಾಗುವುದೆಂಬುದನ್ನು ಮಧ್ಯರಾತ್ರಿಯಲ್ಲಿ ಹಾಸಿಗೆ ಸುತ್ತಿಕೊಂಡು ಮೂಲೆಯಿಂದ ಮೂಲೆಗೆ ಓಡಾಡಿದವರು ಬಲ್ಲರು. ಮಣ್ಣು ಹೊದಿಸಿದ ದಿನ ನೆರೆಹೊರೆಯವರಿಗೆಲ್ಲ ಹೋಳಿಗೆಯಲ್ಲದಿದ್ದರೂ ಒಂದು ಪಾಯಸವಾದರೂ ಆಗಬೇಕು. ಕೂಲಿಯ ಲೆಕ್ಕ ಅಲ್ಲಿಗೆ ಮುಗಿಯಿತು.

ಅದೇ ಮಾಳಿಗೆಯು ರಾತ್ರಿಯಲ್ಲಿ ಶಯನಾಗಾರ. ಹಗಲೆಲ್ಲ ಕಾದ ಮಣ್ಣಿಗೆ ಸಂಜೆ ಎರಡು ಕೊಡ ನೀರು ಚಿಮುಕಿಸಿ, ಅದರ ಕಾವು ಅಡಗಿದ ಮೇಲೆ ಕಂಬಳಿ ಹಾಸಿ, ಅಜ್ಜಿಯು ನಡುವೆ, ಮೊಮ್ಮಕ್ಕಳು ಅವಳ ಎರಡು ಮಗ್ಗುಲಿನಲ್ಲಿ ಸರದಿಯ ಜಗಳವಾಡುತ್ತ ಮಲಗಿದರೆ, ವೇದಾವತಿಯ ಕಡೆಯಿಂದ ಗಾಳಿ ಏಳುವವರೆಗೆ ಕಥೆ ಮುಗಿಯುವಂತಿಲ್ಲ. ಊರಿನಲ್ಲಿ ಬಯಲಾಟವಿದ್ದ ದಿನ ಕಂಬಳಿಯು ಮಾಳಿಗೆಯಿಂದ ಇಳಿದು ರಂಗದ ಮುಂದಿನ ನೆಲಕ್ಕೆ ಹೋಗುತ್ತದೆ. ಬೆಳಗಿನ ಜಾವಕ್ಕೆ ದುರ್ಯೋಧನನು ಬೀಳುವಷ್ಟರಲ್ಲಿ ಮಕ್ಕಳೆಲ್ಲ ಅದರಲ್ಲಿಯೇ ಸುತ್ತಿಕೊಂಡು ನಿದ್ರೆಹೋಗಿರುತ್ತಾರೆ. ಮಳೆಗಾಲದಲ್ಲಿ ಗೊಪ್ಪೆಯಾಗಿ ತಲೆಯೇರುವ, ಚಳಿಗೆ ಹೊದಿಕೆಯಾಗುವ, ಕಣದಲ್ಲಿ ಕಾಳು ಹರಡುವ ಹಾಸಾಗುವ ಆ ಒಂದು ಕಂಬಳಿಯ ಬೆಲೆಯನ್ನು ಅದು ಸಲ್ಲಿಸುವ ಸೇವೆಗಳಿಂದ ಭಾಗಿಸಿ ನೋಡಿದರೆ ಅರ್ಥಶಾಸ್ತ್ರಜ್ಞರಿಗೆ ಆಶ್ಚರ್ಯವಾದೀತು.

ಈ ವಿಚಾರಕ್ಕೆ ನಮ್ಮ ನೆಲದಲ್ಲಿ ಬಹು ಪುರಾತನವಾದ ಒಂದು ಸಾಕ್ಷ್ಯವೂ ಇದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸರು ಗುರುತಿಸಿದ ಅಶೋಕನ ಶಾಸನವು ಇಸಿಲವೆಂಬ ಪಟ್ಟಣದ ಮಹಾಮಾತ್ರರನ್ನು ಉದ್ದೇಶಿಸಿ, ತಾಯಿತಂದೆಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುವಿನಲ್ಲಿ ಗೌರವ ಇವುಗಳನ್ನು ವಿಧಿಸುವುದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ಅರಸನ ಮೂರನೆಯ ಬಂಡೆಶಾಸನವು ನಮ್ಮಲ್ಲಿಲ್ಲದಿದ್ದರೂ ನಮಗೆ ಅಷ್ಟೇನೂ ದೂರವಲ್ಲದ, ಆಂಧ್ರದ ಗುತ್ತಿಯ ಸಮೀಪದ ಎರ್ರಗುಡಿಯ ಬಂಡೆಗಳ ಮೇಲಿದೆ. ಅದರಲ್ಲಿ ಆತನು ಬಂಧುಮಿತ್ರರಿಗೂ ಶ್ರಮಣ ಬ್ರಾಹ್ಮಣರಿಗೂ ಧಾರಾಳವಾಗಿ ಕೊಡುವುದನ್ನು ಹೊಗಳಿದ ಮೇಲೆ, ಸ್ವಲ್ಪವೇ ವೆಚ್ಚ ಮಾಡುವುದೂ ಸ್ವಲ್ಪವೇ ಸಂಗ್ರಹಿಸುವುದೂ ಒಳ್ಳೆಯದೆಂದು ಸೇರಿಸುತ್ತಾನೆ. ಈ ಎರಡನೆಯ ಅಂಶದಲ್ಲಿಯೇ ಆ ಚಕ್ರವರ್ತಿಯ ವಿವೇಕವಿರುವುದು. ವೆಚ್ಚವನ್ನು ಮಾತ್ರ ತಗ್ಗಿಸಿ ಸಂಗ್ರಹವನ್ನು ಬೆಳೆಸುವವನು ಲೋಭಿಯಾಗಬಹುದು; ದಾನವೂ ಜೊತೆಗಿದ್ದರೆ ಮಾತ್ರ ಮಿತವ್ಯಯಕ್ಕೆ ಮುಖಕಾಂತಿ. ಗುಡಾಣದ ಹುಣಸೆಯಲ್ಲಿ ಒಂದು ಮುದ್ದೆ ಮಗಳ ಮನೆಗೆ, ಒಂದು ಮುದ್ದೆ ಮರವಿಲ್ಲದ ನೆರೆಮನೆಗೆ, ಒಂದು ಮುದ್ದೆ ಬೆಂಗಳೂರಿನಲ್ಲಿ ಗಾರೆಕೆಲಸಕ್ಕೆ ಹೋದ ಮೈದುನನಿಗೆ ಹೋಗುವ ಪದ್ಧತಿಯು ಶಾಸನವನ್ನು ಓದದವರಿಂದಲೇ ನಡೆದುಕೊಂಡು ಬಂದಿದೆ.

ಇಷ್ಟು ಹೇಳಿದ ಮೇಲೆ, ಇದರ ಭಾರವನ್ನು ಹೊತ್ತವರು ಯಾರೆಂಬುದನ್ನು ಮರೆಮಾಡಿದರೆ ಅನ್ಯಾಯವಾದೀತು. ಮಿತವ್ಯಯದ ಪ್ರಶಂಸೆಯನ್ನು ಬರೆದವರಲ್ಲಿ ಹೆಚ್ಚಿನವರು ಗಂಡಸರು. ಅದನ್ನು ನಡೆಸಿದವರು ಹೆಂಗಸರು. ಕುಟ್ಟಿದವಳು, ಬೀಸಿದವಳು, ಹಪ್ಪಳ ಸಂಡಿಗೆಗಳನ್ನು ಬಿಸಿಲಿಗಿಟ್ಟು ಕಾಗೆ ಕಾದವಳು, ಕೊನೆಯಲ್ಲಿ ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದಷ್ಟರಲ್ಲಿ ತೃಪ್ತಿ ಹೊಂದಿದವಳು ಒಬ್ಬಳೇ. ಬೇಸಗೆಯ ನೀರಿನ ಅಭಾವದಲ್ಲಿ ಕೊಡ ಹೊತ್ತು ನಡೆದ ಹಾದಿಯನ್ನು ಯಾವ ಪ್ರಬಂಧಕಾರನೂ ಅವಳ ಪರವಾಗಿ ಸರಿಯಾಗಿ ಅಳೆದಿಲ್ಲ. ಆದುದರಿಂದ ಮಿಕ್ಸಿಯೂ ಗ್ಯಾಸಿನ ಒಲೆಯೂ ಹಿಟ್ಟಿನ ಗಿರಣಿಯೂ ಮನೆಗೆ ಬಂದುದನ್ನು ಹಳತರ ಮೋಹದಿಂದ ಹಳಿಯುವವರ ಗುಂಪಿಗೆ ನಾನು ಸೇರಲಾರೆ. ಅವು ವೆಚ್ಚವಲ್ಲ, ಬಹುಕಾಲದಿಂದ ಸಲ್ಲಬೇಕಾಗಿದ್ದ ಬಾಕಿಯ ಪಾವತಿ. ಅಂತೆಯೇ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಪ್ರಯಾಣಕ್ಕೆ ಟಿಕೆಟ್ಟಿನ ಹಣವಿಲ್ಲವಾದುದರಿಂದ, ರಜೆ ಮುಗಿಯುವುದರೊಳಗೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿಬರುವ ಸುಖವು ಅನೇಕರಿಗೆ ಗಂಡನ ಜೇಬಿನ ಅನುಮತಿಯಿಲ್ಲದೆಯೇ ದೊರೆತಿದೆ. ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ದಾರಿಯವರಿಗೆ ಆ ಫಲ ಅಷ್ಟಾಗಿ ದಕ್ಕುವುದಿಲ್ಲವೆಂಬ ದೂರು ನ್ಯಾಯವಾದುದೇ. ಅದೇನೇ ಇರಲಿ, ಮನೆಯ ಮಿತವ್ಯಯಕ್ಕೆ ಮನೆಯ ಹೊರಗಿನ ಆಧಾರ ಬೇಕೆಂಬ ನನ್ನ ಮಾತಿಗೆ ಈ ಬಸ್ಸಿಗಿಂತ ಒಳ್ಳೆಯ ಉದಾಹರಣೆಯನ್ನು ನಾನು ಹುಡುಕಲಾರೆ.

ಈಗ ಆ ಹೊರಗಿನ ಆಧಾರಗಳ ಪಾಡನ್ನು ನೋಡಬೇಕು. ವಾಣಿವಿಲಾಸ ಸಾಗರದ ಕೆಳಗೆ ಹಿರಿಯೂರನ್ನು ದಾಟಿ, ಪರಶುರಾಂಪುರದ ಸೀಮೆಯನ್ನು ಹಾದು, ಆಂಧ್ರದ ಭೈರವಾನಿತಿಪ್ಪದ ಕಡೆಗೆ ಸಾಗುವ ವೇದಾವತಿಯು ವರ್ಷದ ಬಹುಭಾಗ ಮರಳಿನ ನದಿ. ಆದರೆ ಆ ಮರಳು ಬರಿದಾಗಿರಲಿಲ್ಲ. ಬೇಸಗೆಯ ತುದಿಯಲ್ಲಿಯೂ ಮೊಣಕೈ ಆಳಕ್ಕೆ ಕೆದರಿದರೆ ಒರತೆಯೊಡೆದು, ಮೊದಲು ಕದಡಿದ ನೀರು, ಅದನ್ನು ಕರಟದ ಚಿಪ್ಪಿನಿಂದ ಎರಡು ಮೂರು ಬಾರಿ ಮೊಗೆದು ಚೆಲ್ಲಿದ ಮೇಲೆ ತಿಳಿಯಾದ ನೀರು, ಚಿಪ್ಪುಚಿಪ್ಪಾಗಿ ಕೊಡ ತುಂಬುವಷ್ಟು ಒಸರುತ್ತಿತ್ತು. ಸಂಜೆಯ ಹೊತ್ತು ಅಲ್ಲಿ ಕುಳಿತವರ ಮಾತಿಗೂ ಮಕ್ಕಳ ಕುಪ್ಪಳಿಕೆಗೂ ಆ ತಂಪು ಮರಳೇ ಜಾತ್ರೆಯ ಬಯಲು. ಲಾರಿಗಳು ಬಂದು ಮರಳನ್ನು ಪಟ್ಟಣದ ಮಹಡಿಗಳಿಗೆ ಹೊತ್ತೊಯ್ದ ಮೇಲೆ ಒರತೆ ಆಳಕ್ಕೆ ಹೋಯಿತು, ಬಾವಿ ಬತ್ತಿತು, ಕೊಳವೆಬಾವಿ ಬಂದಿತು. ಕೊಳವೆಬಾವಿಯ ಆಳದ ನೀರಿನಲ್ಲಿ ಫ್ಲೋರೈಡಿನ ಕಾಟ ಕಂಡಮೇಲೆ ಶುದ್ಧ ನೀರಿನ ಘಟಕ ಬಂದಿತು. ಈಗ ನಾಣ್ಯ ಹಾಕಿ ಕ್ಯಾನಿನಲ್ಲಿ ನೀರು ತರುತ್ತೇವೆ. ಘಟಕವು ಬೇಡವೆನ್ನಲಾಗದು, ಮಕ್ಕಳ ಹಲ್ಲು ಮೂಳೆಗಳ ಪ್ರಶ್ನೆ ಅದು. ಆದರೆ ನದಿಯು ಮನೆಗಳಿಗೆ ಸಲ್ಲಿಸುತ್ತಿದ್ದ ಕಾಣಿಕೆಯನ್ನು ನಾವು ಲಾರಿಗೆ ಮಾರಿ, ಈಗ ಅದನ್ನೇ ಬಿಂದಿಗೆಯ ಲೆಕ್ಕದಲ್ಲಿ ಕೊಳ್ಳುತ್ತಿರುವೆವೆಂಬುದು ಮನೆಯೊಡತಿಯ ದುಂದಿನ ಫಲವಲ್ಲವಷ್ಟೆ. ಮರಳಿದ್ದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಪ್ರಮಾಣವೂ ದೊರೆಯಿತು: 1933ರ ತರುವಾಯ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರವು ಕೋಡಿಬಿದ್ದು ವೇದಾವತಿ ಹರಿದಾಗ ಜನರು ಬಾಗಿನದ ಮೊರಗಳನ್ನು ಹಿಡಿದು ನಿಂತು ಸಂಭ್ರಮಿಸಿದರು, ಆ ನೀರನ್ನು ಹಿಡಿದಿಟ್ಟುಕೊಳ್ಳುವ ಮರಳ ಹಾಸು ಮಾತ್ರ ಹಿಂದಿನಂತೆ ಉಳಿದಿರಲಿಲ್ಲ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಈ ಸೀಮೆಯವರು ಪವಾಡಗಳಿಗಿಂತ ಹೆಚ್ಚಾಗಿ ಕೆರೆಗಳಿಗಾಗಿ ಸ್ಮರಿಸುವುದು ನನಗೆ ಬಹಳ ಅರ್ಥವತ್ತಾಗಿ ತೋರುತ್ತದೆ. ಜನರಿಂದ ದುಡಿಸಿ, ದುಡಿದಷ್ಟಕ್ಕೆ ತಕ್ಕ ಪ್ರತಿಫಲ ಕೊಟ್ಟು, ಐದು ಕೆರೆಗಳನ್ನು ಕಟ್ಟಿಸಿದರೆಂಬುದು ಪ್ರತೀತಿ. ಕಡ್ಡಾಯವಾಗಿ ಕಡಿಮೆಯಲ್ಲಿ ಬದುಕಬೇಕಾದ ಜನಕ್ಕೆ ವೈರಾಗ್ಯವನ್ನು ಬೋಧಿಸದೆ ಕೆರೆಯನ್ನು ಕೊಟ್ಟ ಸಂತನು ಮಿತವ್ಯಯದ ಮರ್ಮವನ್ನು ಅರಿತಿದ್ದವನು. ಆ ಮರ್ಮವನ್ನು ನಮ್ಮ ಕಾಲದ ಯೋಜನೆಗಳು ಅಷ್ಟಾಗಿ ಅರಿತಂತಿಲ್ಲ. ಚಳ್ಳಕೆರೆಯ ಸುತ್ತಣ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಗಳು ವಿಜ್ಞಾನಸಂಸ್ಥೆಗಳಿಗೂ ರಕ್ಷಣಾ ಸಂಶೋಧನೆಗೂ ಹೋದವು; ದೇಶಕ್ಕೆ ವಿಜ್ಞಾನ ಬೇಕು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಬೇಸಗೆಯಲ್ಲಿ ಕುರಿ ದನಗಳಿಗೆ ಮೇವೂ ಬಡವನಿಗೆ ಒಲೆಯ ಪುಳ್ಳೆಯೂ ಒದಗುತ್ತಿದ್ದ ಹುಲ್ಲುಗಾವಲಿಗೆ ಬೇಲಿ ಬಿದ್ದಾಗ, ಕುರುಬನ ಸಂಸಾರವು ಅಂದಿನಿಂದ ಯಾವುದನ್ನು ಹಣ ಕೊಟ್ಟು ಕೊಳ್ಳಬೇಕಾಯಿತೆಂಬ ಪಟ್ಟಿಯನ್ನು ಪರಿಹಾರದ ಕಾಗದಗಳ ನಡುವೆ ಕಾಣೆ. ನೆರೆಯ ಪಾವಗಡದಲ್ಲಿ ಬಿಸಿಲನ್ನೇ ಬೆಳೆದು 2,050 ಮೆಗಾವಾಟಿನ ವಿದ್ಯುತ್ತಾಗಿ ಮಾರುವ ಉದ್ಯಾನವೆದ್ದಿದೆ. ಬಿಸಿಲಿಗೂ ಬೆಲೆ ಬಂದಿರುವ ಈ ಕಾಲದಲ್ಲಿ ನೆರಳಿಗೆ ಬೆಲೆ ಕಟ್ಟುವವರು ಮಾತ್ರ ಇನ್ನೂ ಹುಟ್ಟಿಲ್ಲ.

ಇವೆಲ್ಲವೂ ಕಳೆದುಹೋದ ತೆರವನ್ನು ಸಾಲವು ತುಂಬುತ್ತಿದೆ. ವಾರದ ಕಂತು, ಸಂಘದ ಕಂತು ಎಂಬ ಮಾತುಗಳು ಹಳ್ಳಿಯ ಹೆಂಗಸರ ಬಾಯಲ್ಲಿ ಸೋಮವಾರ ಮಂಗಳವಾರಗಳಷ್ಟೇ ಸಹಜವಾಗಿಬಿಟ್ಟಿವೆ. ವಸೂಲಿಯ ಹಾವಳಿ ಮಿತಿಮೀರಿದುದರಿಂದ 2025ರ ಫೆಬ್ರವರಿಯಲ್ಲಿ ಸರ್ಕಾರವು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲದ ಒಂದು ಪಾಲು ಆಸ್ಪತ್ರೆಗೂ ಬೀಜಗೊಬ್ಬರಕ್ಕೂ ಹೋಗುವುದು ಅನಿವಾರ್ಯ. ಆದರೆ ಮತ್ತೊಂದು ಪಾಲು ಈ ಲಗ್ನಸರಾಯಿಯಲ್ಲಿ ಆಳೆತ್ತರದ ಫ್ಲೆಕ್ಸುಗಳಿಗೂ ಕಿವಿ ಕಿವುಡಾಗಿಸುವ ಡಿ.ಜೆ.ಗೂ ಹೋಗುತ್ತಿದೆ. ಇದನ್ನು ಬಡವರ ದುಂದುಗಾರಿಕೆಯೆಂದು ಸಿರಿವಂತರು ಟೀಕಿಸುವುದು ಮಾತ್ರ ಹಾಸ್ಯಾಸ್ಪದ, ಏಕೆಂದರೆ ಆ ಮಾದರಿಯನ್ನು ಹಾಕಿಕೊಟ್ಟವರು ಅವರೇ. ಊರಿನಲ್ಲಿ ನಾಲ್ಕು ಜನ ಸೇರಿ ಸಂತೋಷಪಡುವ ಸ್ಥಾನಗಳು ಕುಗ್ಗಿದಂತೆ, ಸಂತೋಷವನ್ನು ಬಾಡಿಗೆಗೆ ತರುವುದೊಂದೇ ದಾರಿಯಾಗಿ ಉಳಿಯುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಯೋಜನೆಗಳನ್ನು ನಾನು ಬೇಡುವುದಿಲ್ಲ. ಗ್ರಾಮಸಭೆಗಳಲ್ಲಿ ಸ್ವಾಗತ ಕಮಾನಿಗೆ ಹಣ ಗೊತ್ತುಮಾಡುವಾಗ, ನಡುಹಗಲಿನಲ್ಲಿ ಆ ಕಮಾನಿನ ನೆರಳು ಒಂದು ಮೇಕೆಗೂ ಸಾಲದೆಂಬುದನ್ನು ಸದಸ್ಯರು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಸಾಕು. ಸಾರ್ವಜನಿಕ ಹುಣಸೆ ಮರಗಳ ಫಸಲನ್ನು ಹರಾಜಿನಲ್ಲಿ ಇಡಿಯಾಗಿ ಗುತ್ತಿಗೆದಾರನಿಗೆ ಕೊಟ್ಟುಬಿಡದೆ ಅದರಲ್ಲಿ ಒಂದಂಶವನ್ನು ಊರಿನ ಸ್ತ್ರೀಶಕ್ತಿ ಗುಂಪುಗಳಿಗೆ ಬಿಟ್ಟುಕೊಡಲಿ. ರಸ್ತೆ ಅಗಲಮಾಡುವವರು ಕಡಿದ ಮರಕ್ಕೆ ಬದಲಾಗಿ ಅಲಂಕಾರದ ಗಿಡವನ್ನಲ್ಲ, ಹುಣಸೆ ನೇರಳೆ ಹೊಂಗೆ ಬೇವುಗಳನ್ನು ನೆಡಲಿ. ಪಂಚಾಯಿತಿಯ ಅರಿವು ಕೇಂದ್ರದ ಬಾಗಿಲು ಶಾಲೆಗೆ ರಜೆಯಿರುವ ದಿನಗಳಲ್ಲಿ, ಸಂಜೆ ತಂಪಾದ ಮೇಲೆಯೂ, ತೆರೆದಿರಲಿ. ಉದ್ಯೋಗ ಖಾತ್ರಿಯಲ್ಲಿ ಎತ್ತಿದ ಕೆರೆಯ ಗೋಡು ಏರಿಯ ಪಕ್ಕದಲ್ಲಿಯೇ ರಾಶಿಬಿದ್ದು ಮುಂಗಾರಿಗೆ ಮತ್ತೆ ಕೆರೆಗೇ ಇಳಿಯದೆ ಹೊಲಗಳನ್ನು ಸೇರುವಂತೆ ಗಾಡಿಯ ಏರ್ಪಾಡಾಗಲಿ. ಮರಳಿನ ಮಾತನ್ನು ಮತ್ತೆ ಎತ್ತುವುದಿಲ್ಲ. ಅದು ಪಂಚಾಯಿತಿಯ ಕೈಮೀರಿದುದೆಂದು ಎಲ್ಲರೂ ಹೇಳುವರಾದರೂ, ಲಾರಿಯು ಊರೊಳಗಿಂದಲೇ ಹೋಗತಕ್ಕದ್ದೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಸಸಿಯ ಗುಂಡಿಗಳನ್ನು ತೋಡುವುದಾದರೆ ಜೂನ್ 8ಕ್ಕೆ ಮೃಗಶಿರೆ ಹೂಡುವುದರೊಳಗೆ ತೋಡಬೇಕು, ಮಣ್ಣು ಕಾದು ಗುಂಡಿ ಹದವಾಗಿರುವುದು ಈಗಲೇ. ಇಲ್ಲಿ ಒಂದೇ ಒಂದು ತೊಡಕು. ಬೀಜದಿಂದೆದ್ದ ಹುಣಸೆಯು ಕಾಯಿ ಬಿಡಲು ಎಂಟು ಹತ್ತು ವರ್ಷಗಳಾದರೂ ಬೇಕು, ಗ್ರಾಮ ಪಂಚಾಯಿತಿಯ ಅವಧಿಯಾದರೋ ಐದೇ ವರ್ಷ. ಇಂದು ನೆಡಿಸಿದ ಸದಸ್ಯನಿಗೆ ಮುಂದಿನ ಚುನಾವಣೆಯಲ್ಲಿ ತೋರಿಸಲು ಒಂದು ಬೇಲಿಯಲ್ಲದೆ ಬೇರೇನೂ ಇರುವುದಿಲ್ಲ. ಆದುದರಿಂದ ಇದನ್ನು ಯಾರೊಬ್ಬರ ಉತ್ಸಾಹಕ್ಕೂ ಬಿಡದೆ, ಮೊದಲ ಮೂರು ಬೇಸಗೆಗಳ ನೀರಿನ ಖರ್ಚನ್ನೂ ಸೇರಿಸಿ, ಈ ಸಲದ ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿಯೂ ವಾರ್ಷಿಕ ಕ್ರಿಯಾಯೋಜನೆಯಲ್ಲಿಯೂ ಬರೆಯಿಸಿ, ಓದಿ ಹೇಳಿಸಿ, ಸಹಿ ಹಾಕಿಸಿಕೊಳ್ಳುವುದು ಲೇಸು.